ಎಣ್ಣಿ ಹಚ್ಚಿದ ಕತ್ತರಿ

ಬಾಯ್ನಾ, ವಾಸ್ಕೊ
೧೮-೧೧-೧೯೯೧

ನನ್ನ ಬಂಗಾರ ಚಂದವ್ವಗ ನಿಮ್ಮವ್ವ ಮಾಡುವ ಆಶೀರ್ವಾದ.

ಇಲ್ಲಿ ನಾ ಆರಾಮ ಅದೇನಿ. ಕುಡಚಡ್ಯಾಗ ನೀನು, ಅಳಿಯಂದ್ರು ಹೆಂಗದೀರಿ? ನಿನ್ನ ಪತ್ರ ಬಂದು, ದೀಪಾವಳಿನೂ ಮುಗದು, ಈಗ ಬರಿಯಾಕತ್ತೇನಿ. ಸಿಟ್ಟಾಗಬ್ಯಾಡವ್ವ. ಬಸುರಿ ಸಿಟ್ಟ ಮಾಡ್ಕೊಂಡ್ರ ಕೂಸು ಮಾರಿ ಗಂಟ ಹಾಕ್ಕೊಂಡ ಹುಟ್ಟತೈತಿ!

ಕೂಸಿಗೆ ಕೌದಿ ಹೊಲದು ಕಳಸು, ಅದರಾಗ ಅಪ್ಪನ ನೀಲಿ ಅಂಗಿ ಸೇರಸು ಅಂತ ಬರದಿದ್ದಿ. ಕೌದಿ ಬದಲಿ ಕತ್ತರೀನ ಕಳಿಸೇನಿ, ನಮ್ಮ ಓಣಿ ಲಾರಿ ಗೋಪಪ್ಪನ ಕೈಯಾಗ. ನನ್ನ ಮದವಿ ಸೀರಿ ತುಂಡ ಮಾಡಿ ಜೋಡಿಗೆ ಇಟ್ಟೇನಿ. ನೀನ ಹೊಲಿ.

ಕತ್ತರಿ ನೆನಪೈತಿಲ್ಲ? ಅಂಗಡಿ ಮುಚ್ಚಿದ ದರ್ಜಿ ಕಡೆಯಿಂದ ನಿಮ್ಮಪ್ಪ ತಂದದ್ದು. ಇಲ್ಲಿ ಉಪ್ಪುಗಾಳಿಗೆ ಕಬ್ಬಣ ಉಳಿಯೂದಿಲ್ಲ ಅಂತ ಕಟ್ಟಿ ಮ್ಯಾಲ ಕುಂತು, ಕೋಳಿ ಪುಕ್ಕದಲೆ ತಿರುಪಿಗೆ ಎಣ್ಣಿ ಬಿಡತಿದ್ರು. "ಟ್ರಾಲರಿನ ಇಂಜಿನ್ನಿಗೂ ಇಷ್ಟ ಚಾಕ್ರಿ ಮಾಡೂದಿಲ್ಲ ನಾ" ಅಂತ ನಗತಿದ್ರು. ನೀ ಅದರಲೆ ಗಾಳಿಪಟದ ಹಾಳಿ ಕತ್ತರಿಸಿದಾಗ ನಾ ಬೆನ್ನಿಗೆ ಗುದ್ದಿದ್ನಿ. ಅವರು ನಿನ್ನ ಹೆಗಲ ಮ್ಯಾಲ ಕುಂದರಿಸಿಕೊಂಡು ಸಾಣಿ ಹಿಡಿಯೋ ಅಲ್ಲಾವುದ್ದೀನನ ಕಡೆ ಹೋದ್ರು. ತಿರುಗಿ ಬರೂದ್ರಾಗ ಕತ್ತರಿಗೆ ಹರಿತ ಬಂದಿತ್ತು, ನಿನ್ನ ಬಾಯಾಗ ಪೆಪ್ಪರಮಿಂಟಿತ್ತು. ಏನ್ ದಿನಾ ಅವು!

ಈಗ ಕಿವಿಗೊಟ್ಟು ಕೇಳು. ಅರಿವಿ ಬಿಟ್ಟು ಬ್ಯಾರೆ ಏನೂ ಕತ್ತರಿಸಬ್ಯಾಡ. ನಿಮ್ಮತ್ತಿ ಮೀನದ ರೆಕ್ಕಿ ಕತ್ತರಿಸಾಕ ಕೇಳಿದ್ರ ಕಳದೈತಿ ಅನ್ನು! ಹಳೇ ಸೀರಿಗೆ ತುದ್ಯಾಗ ಸಣ್ಣ ಕಚ್ಚ ಕೊಟ್ಟು, ಉಳಿದದ್ದು ಕೈಲೆ ಹರಿ. ನಿಮ್ಮಲ್ಲಿ ಅದಿರಿನ ಧೂಳು ಭಾಳ, ತಿರುಪಿನ್ಯಾಗ ಹೋಗಿ ಕುಂದರತೈತಿ. ಕೆಲಸಾದ ಕೂಡಲೆ ಒಣ ಅರಿವೀಲೆ ಒರಸಿ, ಮಿಶಿನ್ ಎಣ್ಣಿ ಒಂದ ಹನಿ ಬಿಡು. ಕೊಬ್ಬರಿ ಎಣ್ಣಿ ಬ್ಯಾಡ, ಅಂಟಾಕ್ಕೈತಿ. ಖಾಲಿ ಕತ್ತರಿ ಆಡಸಬ್ಯಾಡ, ಮನ್ಯಾಗ ಜಗಳಾಕ್ಕೈತಿ. ಮತ್ತ ನಮ್ಮವ್ವ ಹೇಳತಿದ್ದದ್ದು ಒಂದೈತಿ: ದುಡಿಯಾಕ ಹೋದವರು ತಿರುಗಿ ಬರೂತನಕ ಅವರ ಅರಿವಿಗೆ ಕತ್ತರಿ ಹಚ್ಚಬಾರದು. ಇದನ್ನ ಮರೀಬ್ಯಾಡ.

ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬ್ಯಾಡ. ತಾಯಿ ಎಲ್ಲವ್ವ ನಿನ್ನ ಹೆರಿಗಿ ಹೂ ಎತ್ತಿದಂಗ ಮಾಡಸ್ಲಿ.

ನಿನ್ನ ಅವ್ವ
ಸತ್ಯವ್ವ

ತಾ.ಕ.: ಅಂಗಿ ಕಳಿಸಿಲ್ಲ. ನಿಮ್ಮಪ್ಪ ಮೀನಕ್ಕ ಹೋದ ಟ್ರಾಲರ್ ಮುಳುಗಿ ಎರಡ ಮಳಿಗಾಲ ಆತು, "ಇನ್ನ ಕುಂಕುಮ ಅಳಸ್ರಿ ವೈನಿ, ಅಂಗಿ ಕೂಸಿನ ಕೌದಿಗರೆ ಆಗಲಿ" ಅಂತ ನಿಮ್ಮ ಕಾಕಾ ಕಂಠೆಪ್ಪನೂ ಅಂದ. ನಿನ್ನ ಮಾತು, ಅವನ ಮಾತು ಕೇಳಿ ಮೊನ್ನೆ ಅಂಗಿ ತೊಡಿ ಮ್ಯಾಲ ಹಾಸಿಕೊಂಡು ತೋಳಿಗೆ ಕತ್ತರಿ ಹಚ್ಚಿದ್ನಿ. ನಿಮ್ಮಪ್ಪ ಕತ್ತರೀನ ಎಷ್ಟ ಚಲೋ ಇಟ್ಟಾರಂದ್ರ, ಮುಟ್ಟೂದಕ್ಕ ಕಚ್ಚ ಬಿತ್ತು. ಕತ್ತರಿ ಕೆಳಗಿಟ್ಟಬಿಟ್ನಿ ಚಂದವ್ವ. ಆ ಕಚ್ಚ ಹೊಲದೇನಿ, ಗುರ್ತ ಹತ್ತೂದಿಲ್ಲ. ಇನ್ನ ಕತ್ತರಿ ನಿನ್ನ ಹಂತೇಕ ಇರಲಿ, ಇಲ್ಲಿ ಬ್ಯಾಡ. ಅವರ ಹೆಣಾ ಯಾರೂ ಕಂಡಿಲ್ಲ. ನಾಳೆ ಬಂದ್ರ ಏನ್ ಹಾಕ್ಕೊಬೇಕು ಅವರು?