ನನ್ನಜ್ಜಿ ಕುಣಿದ ಹಜಾರ

ಡಿಸೆಂಬರ್ ೧೪, ಶನಿವಾರ

ವೆಂಡೆಲಿನ್ ನನ್ನ ಅಜ್ಜಿಯನ್ನು ಕದ್ದ.

ಪ್ರವಾಸಿಗರ ಗುಂಪುಗಳಿಗೆ ಅರಮನೆ ತೋರಿಸುವುದು ಅವನ ಕೆಲಸ. ಅಂಗಳದ ಕ್ರಿಸ್‌ಮಸ್ ಸಂತೆಯಲ್ಲಿ ಒಣ ಪ್ಲಮ್ ಹಣ್ಣಿನ ಗೊಂಬೆ ಮಾರುವುದು ನನ್ನದು. ಹೋದ ವಾರ ನಾಚಿಕೆ ಬಿಟ್ಟು, ನಾನು ಬರೆದ ಕಥೆಯನ್ನು ಅವನೊಬ್ಬನಿಗೇ ಓದಿದ್ದೆ: ಈ ಅರಮನೆಯ ನೆಲ ಉಜ್ಜುತ್ತಿದ್ದ ನನ್ನಜ್ಜಿ, ಯಾರೂ ಇಲ್ಲದಾಗ ಉಣ್ಣೆಯ ಮೆಟ್ಟಿನಲ್ಲಿ ಹಜಾರದ ತುಂಬ ಕುಣಿದಳು. "ನಾಲ್ಕನೇ ಕ್ಲಾಸ್ ಓದಿದೋಳಿಗೆ ಇದೆಲ್ಲ ಯಾಕೆ ಮಾರಾಯ್ತಿ?" ಎಂದು ನಕ್ಕಿದ್ದ.

ಇಂದು ಬಿಡುವಿನಲ್ಲಿ ಅವನ ಗುಂಪಿನ ಹಿಂದೆ ಹೋದೆ. "ನಮ್ಮಜ್ಜಿ ಇಲ್ಲೇ ಕುಣೀತಿದ್ಲು," ಎನ್ನುತ್ತಿದ್ದ. ಹೆಂಗಸರು ಕಣ್ಣೊರೆಸಿಕೊಂಡರು. ನಾನು ನನ್ನ ಅಂಗಡಿಗೆ ಮರಳಿದೆ.

ಆಮೇಲೆ ಆ ಗುಂಪಿನ ಮುದುಕಿಯೊಬ್ಬಳು ಗೊಂಬೆ ಕೊಳ್ಳಲು ಬಂದಳು. "ಅಜ್ಜಿ ಕಥೆ ಕೇಳಿದ್ಯಾ ಮಗಳೇ?"

"ಕೊನೆ ಅವರು ಹೇಳಲಿಲ್ಲ ಅಮ್ಮಾ," ಎಂದೆ. "ಕುಣಿದಿದ್ದು ನಮ್ಮಜ್ಜಿ. ಅದನ್ನ ನೋಡಿ ಅವಳನ್ನ ಕೆಲಸದಿಂದ ಓಡಿಸಿದ ಮೇಸ್ತ್ರಿ ಈ ವೆಂಡೆಲಿನ್ ಅವರ ತಾತ."

ವೆಂಡೆಲಿನ್ ಪಕ್ಕದಲ್ಲೇ ಬಿಸಿ ವೈನ್ ಕುಡಿಯುತ್ತಿದ್ದ. "ಏನಪ್ಪಾ, ಅಜ್ಜಿ ನಿನ್ನೋಳಲ್ವಂತೆ?" ಎಂದು ಮುದುಕಿ ಕೂಗಿದಳು. ಅವನ ಕಿವಿ ಕೆಂಪಾಯಿತು.

ಅವನಿಗೆ ನೋವಾದೀತೆಂದು ಹೋದ ವಾರ ಆ ಕೊನೆಯನ್ನು ನಾನು ಓದಿರಲಿಲ್ಲ. ಸಂತೆ ಇನ್ನೂ ಒಂಬತ್ತು ದಿನ ಇದೆ. ಅವನ ಪ್ರತಿ ಗುಂಪು ಹೊರಬಂದಾಗಲೂ ನಾನು ಆ ಕೊನೆಯನ್ನು ಹೇಳುತ್ತೇನೆ.