ಹಿರಿಯಳಿಯನ ಹೆಸರಿನ ಸಾಲು

ಯಲಹಂಕ ಹಳೇ ಪಟ್ಟಣ,
೧೨-೧೧-೨೦೧೭, ಭಾನುವಾರ

ಪ್ರೀತಿಯ ಗಂಗರತ್ನಕ್ಕನಿಗೆ,

ನಿನ್ನ ತಮ್ಮ ಸುಬ್ರಮಣಿಯ ನಮಸ್ಕಾರ. ನಿನ್ನ ಮಂಡಿನೋವು ಹೇಗಿದೆ? ಭಾವನ ಸಕ್ಕರೆ ಹತೋಟಿಯಲ್ಲಿದೆಯೆ? ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಹೊಲಕ್ಕಿಳಿಯಬಾರದು ಎಂದು ಡಾಕ್ಟರು ಹೇಳಿರುತ್ತಾರೆ, ಅವರು ಕೇಳಿರುವುದಿಲ್ಲ. ರಾಗಿ ಕೊಯ್ಲು ಶುರುವಾಯಿತೆ? ರಾಜಾನುಕುಂಟೆಗೂ ಇಲ್ಲಿಗೂ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದಾರಿಯಿಲ್ಲ. ಇಷ್ಟು ಹತ್ತಿರವಿದ್ದು ಅಕ್ಕನಿಗೆ ಕಾಗದ ಬರೆಯುವ ತಮ್ಮ ಇಡೀ ಬೆಂಗಳೂರಿಗೆ ನಾನೊಬ್ಬನೇ ಇರಬೇಕು. ಏನು ಮಾಡಲಿ, ಫೋನ್ ಮಾಡಿದರೆ ನಿನ್ನ ಸೊಸೆ ಎತ್ತಿ “ಅತ್ತೆ ಒಲದ ತಾವ ಓಗವ್ರೆ” ಅನ್ನುತ್ತಾಳೆ. ಯಾವ ಹೊತ್ತಿನಲ್ಲಿ ಮಾಡಿದರೂ ನೀನು ಹೊಲದ ಹತ್ತಿರವೇ ಇರುತ್ತೀಯ. ಅವಳ ತಪ್ಪಲ್ಲ, ಹೇಳಿಕೊಟ್ಟಷ್ಟು ಹೇಳುತ್ತಾಳೆ.

ರಾಣಿಯ ಮದುವೆಯಾಗಿ ಈ ಕಾರ್ತಿಕಕ್ಕೆ ಒಂಬತ್ತು ವರ್ಷ. ನೀನು ನನ್ನ ಹೊಸಿಲು ತುಳಿಯದೆಯೂ ಅಷ್ಟೇ ವರ್ಷ. ಊರಿಗೆಲ್ಲ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿಯವನ ಸ್ವಂತ ಮಗಳ ಪತ್ರಿಕೆಯಲ್ಲೇ, ನಮ್ಮಪ್ಪನ ಮನೆಯ ಹಿರಿಯಳಿಯನ ಹೆಸರು ಬಿಟ್ಟುಹೋಗಿತ್ತು. “ಎಸ್ರಿಲ್ದಿರೋ ಪತ್ರಿಕೆ ಇಡ್ಕಂಡು ಯಾವ್ ಮಕ ಒತ್ಕಂಡ್ ಬರ್ಲಿ?” ಎಂದು ಭಾವ ಮದುವೆಗೆ ಬರಲಿಲ್ಲ, ನಿನ್ನನ್ನೂ ಕಳಿಸಲಿಲ್ಲ. ಸೋದರತ್ತೆ ಹಿಡಿಯಬೇಕಾದ ಕಳಸವನ್ನು ಪಕ್ಕದ ಮನೆಯ ಲಕ್ಷ್ಮಿದೇವಮ್ಮ ಹಿಡಿದರು. ಯಶವಂತಪುರದ ಪ್ರೆಸ್ಸಿನ ಪಂಚಪ್ಪ ಅಚ್ಚು ಹಾಕುವಾಗ ಒಂದು ಸಾಲು ಹಾರಿಸಿಬಿಟ್ಟ ಎಂದು ನಾನು ಕಂಡಕಂಡವರಿಗೆಲ್ಲ ಹೇಳಿದೆ. “ನೀನ್ ಬರ್ದಿದ್ದು ಕಂಪ್ಯೂಟ್ರಾಗೆ ಐತಲ್ಲಪ್ಪ, ತೋರ್ಸು, ಮುಗೀತು” ಎಂದಷ್ಟೇ ಭಾವ ಕೇಳಿದ್ದು. ನನಗೆ ರೋಷ ಉಕ್ಕಿತು. ನನ್ನ ಮಾತಿಗಿಂತ ಮೆಷಿನ್ನಿನ ಮಾತು ಹೆಚ್ಚಾಯಿತೆ ಎಂದು ಹಟ ಹಿಡಿದೆ. ತೋರಿಸಲಿಲ್ಲ.

ನನ್ನವಳು ಕಲಾವತಿ ಹೋಗಿ ಎರಡು ವರ್ಷವಾಯಿತು. ಮಣ್ಣಿಗೆ ನೀವಿಬ್ಬರೂ ಬಂದಿರಿ, ಅಲ್ಲಿಂದಲೇ ಹಾಗೇ ಹೊರಟುಹೋದಿರಿ. ಹನ್ನೊಂದನೇ ದಿನದ ಪತ್ರಿಕೆಯಲ್ಲಿ ಭಾವನ ಹೆಸರನ್ನು ಎಲ್ಲರಿಗಿಂತ ಮೇಲೆ ದಪ್ಪಕ್ಷರದಲ್ಲಿ ಹಾಕಿದ್ದೆ. ಮದುವೆಯಲ್ಲಿ ಕೊಡದ ಮರ್ಯಾದೆಯನ್ನು ತಿಥಿಯಲ್ಲಿ ಕೊಟ್ಟರೆ ಯಾರು ತಾನೇ ಬರುತ್ತಾರೆ? ರಾಣಿ ತುಮಕೂರಿನಿಂದ ತಿಂಗಳಿಗೊಮ್ಮೆ ಬಂದು ಸಾರು ಪಲ್ಯ ಮಾಡಿ ಫ್ರಿಜ್ಜಿನಲ್ಲಿಟ್ಟು ಹೋಗುತ್ತಾಳೆ. ಅದು ಮುಗಿದ ಮೇಲೆ ನಾನೇ ಒಲೆ ಹಚ್ಚುತ್ತೇನೆ. ಹತ್ತು ಜನಕ್ಕೆ ಮುದ್ದೆ ತೊಳಸಬಹುದು ಅಕ್ಕ, ಒಬ್ಬನಿಗೆ ತೊಳಸುವುದು ಬಹಳ ಕಷ್ಟ. ಎಷ್ಟು ಅಳೆದು ಹಿಟ್ಟು ಹಾಕಿದರೂ ಒಂದು ದಿನ ಗಂಟು, ಒಂದು ದಿನ ಅಂಬಲಿ. ನೀನಿದ್ದಿದ್ದರೆ “ಕತ್ತೆಗೆ ವಯಸ್ಸಾದಂಗಾಯ್ತು, ಒಂದ್ ಮುದ್ದೆ ಕಟ್ಟಕ್ಕೆ ಬರಲ್ವಲ್ಲೋ” ಎಂದು ಬೈಯುತ್ತಿದ್ದೆ. ಬೈಯುವವರೂ ಇಲ್ಲದಂತಾಗಿದೆ. ಕೆಲವು ದಿನ ಹಾಲಿನವನಿಗೆ ಅರ್ಧ ಲೀಟರ್ ಸಾಕು ಎಂದದ್ದು ಬಿಟ್ಟರೆ ಬಾಯಿಂದ ಬೇರೆ ಮಾತೇ ಹೊರಟಿರುವುದಿಲ್ಲ. ತುಂಬಾ ಒಂಟಿಯಾಗಿಬಿಟ್ಟಿದ್ದೇನೆ, ನಿನ್ನ ಹತ್ತಿರ ಹೇಳಿಕೊಳ್ಳಲು ನಾಚಿಕೆಯೇನು.

ಅಂಗಡಿಯನ್ನು ಈ ತಿಂಗಳ ಕೊನೆಗೆ ಬಿಟ್ಟುಕೊಡುತ್ತಿದ್ದೇನೆ. ಈಗ ಪತ್ರಿಕೆಗಳು ಫೋನಿನಲ್ಲೇ ಬಂದು ಫೋನಿನಲ್ಲೇ ಅಳಿಸಿಹೋಗುತ್ತವೆ. ನನ್ನ ಹತ್ತಿರ ಬರುವವರು ಆಧಾರ್ ಜೆರಾಕ್ಸಿನವರು ಮಾತ್ರ. ಖಾಲಿ ಮಾಡಲು ಕೂತರೆ ಅಟ್ಟದ ಮೇಲಿಂದ ಏನೆಲ್ಲ ಇಳಿಯಿತು ಅಂತೀಯ! ಬಿಸ್ಕತ್ ಡಬ್ಬದ ತುಂಬ ಫ್ಲಾಪಿಗಳು, ಮೂರು ಚೀಲ ಸೀಡಿ, ಯಾರೋ ಮರೆತು ಹೋದ ಮದುವೆಯ ವಿಡಿಯೊ ಕ್ಯಾಸೆಟ್ಟುಗಳು, ಇಬ್ಬರು ಹಿಡಿದರೂ ಏಳದ ಆ ಹಳೇ ಮಾನಿಟರು, ಅದರ ಸಿಪಿಯು. ಒಂದು ಫ್ಲಾಪಿಯ ಮೇಲೆ ‘ಗೋಪಿ ನಾಮಕರಣ’ ಎಂದು ನನ್ನದೇ ಅಕ್ಷರದಲ್ಲಿದೆ. ಆ ಗೋಪಿ ಮೊನ್ನೆ ಬುರ್ರೆಂದು ಬೈಕಿನಲ್ಲಿ ಬಂದು ಲೈಸೆನ್ಸ್ ಜೆರಾಕ್ಸ್ ಮಾಡಿಸಿಕೊಂಡು ಹೋದ. ಸೀಡಿಗಳನ್ನು ನಿಮ್ಮ ಅವರೆ ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟಿಕೊಳ್ಳಿ ಎಂದು ಕಳಿಸೋಣ ಅನ್ನಿಸಿತ್ತು. ಆಮೇಲೆ ಯೋಚಿಸಿದರೆ ಅವುಗಳಲ್ಲಿ ಊರಿನವರ ಪಹಣಿ, ಫೋಟೊ, ಗುರುತಿನ ಚೀಟಿ ಎಲ್ಲ ಇದೆ. ನಂಬಿ ಕೊಟ್ಟದ್ದನ್ನು ಹೊಲದಲ್ಲಿ ನೇತುಹಾಕಬಾರದು. ಎರಡು ದಿನ ಕೂತು ಒಂದೊಂದನ್ನೂ ಕತ್ತರಿಯಲ್ಲಿ ಎರಡು ತುಂಡು ಮಾಡಿದೆ. ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿದೆ.

ಕಂಪ್ಯೂಟರಿಗೆ ಮಾತ್ರ ಗಂಗಾನಗರದ ಮುಕ್ತಾರ್ ಎಂಬುವನನ್ನು ಕರೆಸಿದೆ. ಇವನು ತಕ್ಕಡಿ ಹಿಡಿದು ಬರುವ ಗುಜರಿಯವನಲ್ಲ. ಇಂಥ ಸಾಮಾನನ್ನು ಬಿಚ್ಚಿ ಬೇರ್ಪಡಿಸುವ ಕಾರ್ಖಾನೆಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಚೀಟಿಯನ್ನೂ ತಂದುಕೊಡುತ್ತಾನೆ. “ಮಾನಿಟ್ರು ಒಡೀಬೇಡಿ ಸಾರ್, ಗಾಜಲ್ಲಿ ಸೀಸ ಇರುತ್ತೆ, ವಿಷ” ಎಂದ. ನಾನು ಒಳಗಿದ್ದದ್ದನ್ನೆಲ್ಲ ಅಳಿಸಿ ಕೊಡುತ್ತೇನೆ ಎಂದರೆ ನಕ್ಕ. “ಡಿಲೀಟ್ ಮಾಡಿದ್ರೆ ಹೋಯ್ತು ಅನ್ಕೊಂಡ್ರಾ? ಎಲ್ಲಾ ಒಳಗೆ ಹಂಗೇ ಕೂತಿರುತ್ತೆ ಸಾರ್. ಡಿಸ್ಕ್ ಹೊರಗೆ ತೆಗ್ದು ನಾಕು ತೂತು ಹೊಡೀಬೇಕು, ಆಮೇಲೆ ಯಾರ್ ಕೈಲೂ ಓದಕ್ಕಾಗಲ್ಲ” ಎಂದು ಚೀಲದಿಂದ ಡ್ರಿಲ್ಲಿಂಗ್ ಮೆಷಿನ್ ತೆಗೆದೇಬಿಟ್ಟ. ನಾನು ಇವತ್ತು ಬೇಡ, ನಾಳೆ ಬಾ ಎಂದು ಕಳಿಸಿದೆ.

ಯಾಕೆಂದರೆ ರಾಣಿಯ ಪತ್ರಿಕೆ ಇದ್ದದ್ದು ಅದೇ ಡಿಸ್ಕಿನಲ್ಲಿ. ಕೊನೆಗೂ ಒಂದು ಸಲ ನೋಡಿಬಿಡೋಣ, ಭಾವನ ಮುಂದೆ ಇಟ್ಟು ಪಂಚಪ್ಪನದೇ ತಪ್ಪು ಎಂದು ತೋರಿಸಿಬಿಡೋಣ ಅನ್ನಿಸಿತು. ಹೊಸ ಕಂಪ್ಯೂಟರಿಗೆ ಹಾಕಿದರೆ ಹಳೇ ಅಕ್ಷರಗಳು ಬರುವುದಿಲ್ಲ, ಬರೀ ಸೊನ್ನೆ ಸೊಟ್ಟಗೆರೆ ಬರುತ್ತವೆ. ಅದಕ್ಕೇ ಆ ಹಳೇ ಮೆಷಿನ್ನನ್ನೇ ಒರೆಸಿ, ವೈರು ಜೋಡಿಸಿ ಕೂತೆ. ಅದು ಏಳಲು ಅರ್ಧ ಗಂಟೆ ತೆಗೆದುಕೊಂಡಿತು. ಫೈಲು ಸಿಕ್ಕಿತು. ಅದರ ವಿಷಯ ಬರೆಯಲೆಂದೇ ಕೂತವನು ಮಂಡಿನೋವು, ಮುದ್ದೆ, ಸೀಡಿ ಎಂದು ಇಷ್ಟುದ್ದ ಬರೆದುಬಿಟ್ಟೆ.

ಭಾವನಿಗೆ ನನ್ನ ನಮಸ್ಕಾರ ಹೇಳು, ಕೇಳಿಸಿಕೊಂಡರೆ. ಮೊಮ್ಮಕ್ಕಳಿಗೆ ಈ ತಾತನ ಆಶೀರ್ವಾದ. ದೊಡ್ಡವಳು ಈಗ ಎಷ್ಟನೇ ಕ್ಲಾಸೋ ನನಗೆ ಗೊತ್ತಿಲ್ಲ. ಚಳಿ ಶುರುವಾಗಿದೆ, ಬೆಳಗ್ಗೆ ತಲೆಗೆ ಬಟ್ಟೆ ಕಟ್ಟದೆ ಹೊರಗೆ ಹೋಗಬೇಡ.

ಇಂತಿ ನಿನ್ನ ತಮ್ಮ,
ಸುಬ್ರಮಣಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಬರುವುದಿಲ್ಲ. ಫೈಲು ಒಂದಲ್ಲ, ಎರಡಿವೆ. ಸಂಜೆ ಐದು ಗಂಟೆಗೆ ಸೇವ್ ಮಾಡಿದ್ದರಲ್ಲಿ ಭಾವನ ಹೆಸರು ಮೊದಲನೇ ಸಾಲಿನಲ್ಲಿದೆ. ಅದೇ ದಿನ ಏಳೂಕಾಲಿನದರಲ್ಲಿ ಇಲ್ಲ. ನಡುವೆ ಭಾವನ ಫೋನ್ ಬಂದಿತ್ತು. “ಚೌಟ್ರಿ ಯಾಕಪ್ಪ, ನಮ್ ಮನೆ ಮುಂದೆ ಚಪ್ಪರ ಆಕ್ಸಿ ಮಾಡಾನ, ಅಂಗ್ಡಿ ಇಟ್ಕಂಡಿರೋನ್ಗೆ ಅಷ್ಟು ಜಂಬ ಬ್ಯಾಡ” ಎಂದರು. ನನಗೆ ಭಾರವಾಗಬಾರದು ಎಂದೇ ಅಂದಿರಬೇಕು, ಈಗ ತಿಳಿಯುತ್ತದೆ. ಆಗ ಮೈಯೆಲ್ಲ ಉರಿಯಿತು. ಆ ಸಾಲನ್ನು ಅಳಿಸಿಬಿಟ್ಟೆ. ಬೆಳಗ್ಗೆ ಮತ್ತೆ ಹಾಕೋಣ ಎಂದುಕೊಂಡಿದ್ದೆ, ಬೆಳಗಿನ ಗಡಿಬಿಡಿಯಲ್ಲಿ ಪ್ರೆಸ್ಸಿಗೆ ಹೋದದ್ದು ಅದೇ. ಹಾಕಿದೆನೋ ಇಲ್ಲವೋ ಎಂಬ ಅನುಮಾನ ನನಗೆ ಮೊದಲಿಂದಲೂ ಇತ್ತು, ಅದಕ್ಕೇ ಭಾವ ಕೇಳಿದಾಗ ತೋರಿಸಲಿಲ್ಲ. ಪಂಚಪ್ಪನದು ಏನೂ ತಪ್ಪಿಲ್ಲ, ನಾಳೆ ಯಶವಂತಪುರಕ್ಕೆ ಹೋಗಿ ಅವನಿಗೂ ಹೇಳುತ್ತೇನೆ. ಎರಡರ ಪ್ರಿಂಟನ್ನೂ ಇದರೊಳಗೆ ಇಟ್ಟಿದ್ದೇನೆ, ಭಾವನ ಕೈಗೇ ಕೊಡು. ಪ್ರಿಂಟ್ ತೆಗೆದ ಮೇಲೆ ಮುಕ್ತಾರ್ ಡಿಸ್ಕಿಗೆ ತೂತು ಹೊಡೆದು ತೆಗೆದುಕೊಂಡು ಹೋದ. ಅವನು ಬಂದ ಮೊದಲನೇ ದಿನವೇ ಹೊಡೆಸಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನೋಡಿದ ಮೇಲೂ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಹೋದ ತಿಂಗಳು ಯಾರದೋ ಗೃಹಪ್ರವೇಶದಲ್ಲಿ ನಿನ್ನ ಸೊಸೆ ಸಿಕ್ಕಿ ರಾಣಿಗೆ ಒಂದು ಮಾತು ಹೇಳಿದಳಂತೆ. ಮನೆಯಲ್ಲಿ ನನ್ನ ಸುದ್ದಿ ಬಂದಾಗಲೆಲ್ಲ ನೀನು ಭಾವನಿಗೆ ಎದುರು ನಿಂತು “ನನ್ ತಮ್ಮ ಅಂತೋನಲ್ಲ” ಅನ್ನುತ್ತೀಯಂತೆ. ಒಂಬತ್ತು ವರ್ಷದಿಂದ ಹಾಗೇ ಅನ್ನುತ್ತಿದ್ದೀಯಂತೆ. ಇನ್ನು ಅನ್ನಬೇಡ ಅಕ್ಕಾ. ನಾನು ಅಂಥವನೇ.