ಕ್ಲಾರಾ ನಗಲಿ

ಹೊಳೆನರಸೀಪುರ
ಸೋಮವಾರ

ಮಗಳೇ ವಿನುತಾ,

ವಿಡಿಯೋ ಫೋನಿನಲ್ಲಿ ಹೇಳೋಣವೆಂದರೆ ಕ್ಲಾರಾ ಪಕ್ಕದಲ್ಲೇ ಇರುತ್ತಾಳೆ. ಕನ್ನಡ ಬರದಿದ್ದರೂ ತನ್ನ ಹೆಸರು ಕೇಳಿದರೆ ಮುಖ ಸಣ್ಣ ಮಾಡಿಕೊಳ್ಳುತ್ತಾಳೆ. ಅದಕ್ಕೇ ಈ ಕಾಗದ.

ಮೊಮ್ಮಗಳ ಜೊತೆ ನಾಲ್ಕು ಮಾತಾಡಲು ನಾನೇ ಪೋರ್ಚುಗೀಸ್ ಕಲಿಯೋಣ ಅಂತ ಹೊರಟೆ. ಹೋದ ತಿಂಗಳು ಅವಳಿಗೆ ಥ್ಯಾಂಕ್ಸ್ ಹೇಳಲು ‘ಒಬ್ರಿಗದ’ ಅಂದಾಗ ಮಗು ಬಿದ್ದು ಬಿದ್ದು ನಕ್ಕಿತು. ತಪ್ಪು ನನ್ನದೇ ಕಣೇ. ಅಪ್ಪ ಗಮಕ ಹಾಡುವಾಗ ಪಕ್ಕದಲ್ಲಿ ಕೂತು ಗುರು, ಲಘು ಕಲಿತವಳು ನಾನು. ಒತ್ತಕ್ಷರದ ಹಿಂದಿನದು ಗುರು ಅಂತ ‘ಒ’ ಮೇಲೆ ಭಾರ ಹಾಕಿಬಿಟ್ಟೆ. ನಿಮ್ಮ ಲಿಸ್ಬನ್ನಿನವರು ‘ಗ’ ಮೇಲೆ ಹಾಕುತ್ತಾರಂತೆ.

ಆಗ ನೀನು ಅವಳಿಗೆ ಏನು ಹೇಳಿದೆಯೋ ನನಗೆ ತಿಳಿಯಲಿಲ್ಲ, ಗದರಿದ್ದು ಮಾತ್ರ ತಿಳಿಯಿತು. ಅವತ್ತಿನಿಂದ ನಾನು ಏನಂದರೂ ಮಗು ಸುಮ್ಮನೆ ತಲೆಯಾಡಿಸಿ ಫೋನು ನಿನ್ನ ಕೈಗೆ ಕೊಡುತ್ತದೆ.

ತೊಡೆ ತಟ್ಟಿ ತಾಳ ಹಾಕಿಕೊಂಡು ದಿನಾ ಅಭ್ಯಾಸ ಮಾಡುತ್ತಿದ್ದೇನೆ, ಕಾಯಿ ತುರಿಯುವಾಗಲೂ ಬಾಯಲ್ಲಿ ಅದೇ. ಪಕ್ಕದ ಮನೆ ಶಾರದಕ್ಕ, “ಏನ್ರೀ ರುಕ್ಮಿಣಮ್ಮ, ಕಾಯಿ ತುರಿಯೋಕೂ ಮಂತ್ರ ಬೇಕಾ?” ಅಂತ ಗೇಲಿ ಮಾಡುತ್ತಾಳೆ. ಮಾಡಲಿ ಬಿಡು.

ಕಾಗದದ ಜೊತೆ ಹುರಿದಿಟ್ಟ ಸಾರಿನ ಪುಡಿ ಇದೆ, ತಲುಪಿದ ದಿನವೇ ಡಬ್ಬಿಗೆ ಹಾಕು.

‘ಒಬ್ರಿಗದ’ ಈಗ ಸರಿಯಾಗಿಯೇ ಬರುತ್ತದೆ. ಆದರೂ ಈ ಕಾಗದ ತಲುಪಿದ ಮೇಲಿನ ಭಾನುವಾರ ಕ್ಲಾರಾ ಫೋನಿಗೆ ಬಂದಾಗ ಮೊದಲಿನ ಹಾಗೇ ‘ಒ’ ಮೇಲೆ ಭಾರ ಹಾಕಿ ಹೇಳುತ್ತೇನೆ. ಅವಳು ನಕ್ಕರೆ ತಡೆಯಬೇಡ.

ನಿನ್ನ ಅಮ್ಮ,
ರುಕ್ಮಿಣಿ